ಮಳೆಗಾಲದಲ್ಲಿ ಚಿನ್ನದ ಹಾಳೆ ಅಂಟಿಸುವುದು ಹೇಗೆ?

ಪ್ರಶ್ನೆ (ಅಂಬಲಪಾಡಿ, ಉಡುಪಿ):
ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳ ತರಹ, ಮೊದಲ ಅಕ್ಷರ ದೊಡ್ಡದಾಗಿ, ಸುತ್ತ ಬಳ್ಳಿ, ಚಿನ್ನದ ಹಾಳೆ ಎಲ್ಲ ಹಾಕಿ ಸನ್ಮಾನ ಪತ್ರ ಬರೆಯುವುದು ನನ್ನ ಹವ್ಯಾಸ. ಈಗ ನಮ್ಮೂರ ಯಕ್ಷಗಾನ ಕಲಾವಿದರೊಬ್ಬರಿಗೆ ಒಂದು ಮಾಡುತ್ತಿದ್ದೇನೆ. "ಶ್ರೀ" ಅಕ್ಷರದೊಳಗೆ ಕೇದಗೆ ಮುಂದಲೆ (ಯಕ್ಷಗಾನದ ತಲೆಯುಡುಗೆ) ಬಿಡಿಸಿದ್ದೇನೆ, ತುಂಬಾ ಚೆನ್ನಾಗಿ ಬಂದಿದೆ. ಆದರೆ ಈ ಜುಲೈ ಮಳೆಗೆ ಅಂಟು ಒಣಗುವುದೇ ಇಲ್ಲ, ಚಿನ್ನ ಬಣ್ಣದ ಮೇಲೂ ಕೂತುಬಿಟ್ಟಿದೆ. ಏನು ಮಾಡಲಿ?

ಉತ್ತರ (ಮಣಿಪಾಲ):
ಬಣ್ಣ ಮೊದಲು ಹಾಕಿದ್ರಾ? ಅಲ್ಲೇ ತಪ್ಪಿದ್ದು. ಚಿನ್ನ ಮೊದಲು, ಬಣ್ಣ ಆಮೇಲೆ. ನೀರಲ್ಲಿ ಕಲಸುವ ದಟ್ಟ ಬಣ್ಣ ಗೋವಾಶ್‌ನಲ್ಲಿ ಗಮ್ ಅರೇಬಿಕ್ ಅನ್ನೋ ಮರದ ಅಂಟು ಇರುತ್ತದಲ್ವಾ, ಅದು ತೇವ ಎಳೆದುಕೊಂಡು ಹಾಳೆಯನ್ನು ಹಿಡಿದುಕೊಳ್ಳುತ್ತದೆ. ಹಳೇ ಕಾಲದಲ್ಲಿ ಚಿನ್ನದ ಕೆಳಗೆ ಹಚ್ಚುತ್ತಿದ್ದ ಲೇಪ, ಅಂದರೆ ಗೆಸೊಗೆ ಸಕ್ಕರೆ ಇಲ್ಲವೇ ಜೇನು ಸೇರಿಸುತ್ತಿದ್ದದ್ದೂ ತೇವ ಹಿಡಿಯಲಿ ಅಂತಲೇ. ಒಣ ಹವೆಯಲ್ಲಿ ಕೊಳವೆಯಿಂದ ಬಿಸಿ ಉಸಿರು ಊದಿ ಅಂಟು ಬರಿಸಬೇಕು, ನಮ್ಮ ಕರಾವಳಿಯಲ್ಲಿ ಗಾಳಿಯೇ ಆ ಕೆಲಸ ಮಾಡಿಬಿಡುತ್ತದೆ. ಇನ್ನೊಂದು, ಹಳೇ ಗೆಸೊದಲ್ಲಿ ಸೀಸದ ಬಿಳಿ ಇರುತ್ತದೆ, ಅದು ವಿಷ. ದಯವಿಟ್ಟು ಆ ವಿಧಾನ ಬೇಡ.

ಉತ್ತರ (ಕದ್ರಿ, ಮಂಗಳೂರು):
ನಾನು ಎಸಿಯನ್ನು ಡ್ರೈ ಮೋಡ್‌ನಲ್ಲಿಟ್ಟು, ಕೋಣೆ ಒಣಗಿದ ಮೇಲೇ ಕೂರುತ್ತೇನೆ. ಅಂಟು ಹಚ್ಚುವ ಮೊದಲು ಕಾಗದಕ್ಕೆ ಒಂಚೂರು ಟಾಲ್ಕಂ ಪೌಡರ್ ಸವರಿ, ಪೂರ್ತಿ ಕೊಡವಿಬಿಡಿ. ಚಿನ್ನದ ಹಾಳೆ ಇಟ್ಟಮೇಲೆ ಬಟರ್ ಪೇಪರ್ ಮುಚ್ಚಿ ಬೆರಳಲ್ಲಿ ಒತ್ತಿ. ಈಗ ಕೂತಿರುವುದನ್ನು ಮಾತ್ರ ಸುಮ್ನೆ ಉಜ್ಜಬೇಡಿ, ಬಣ್ಣವೇ ಎದ್ದು ಬರುತ್ತದೆ. ಹೊಸ ಬ್ಲೇಡಿನ ತುದಿಯಲ್ಲಿ ಮೆಲ್ಲ ಕೆರೆದು, ಅಲ್ಲಿಗಷ್ಟೇ ಬಣ್ಣ ಕೊಡಿ.

ಪ್ರಶ್ನೆ ಕೇಳಿದವರು:
ಕೆರೆದು ನೋಡಿದೆ, ಮುಂದಲೆಯ ಕೆಂಪು ಉಳಿದಿದೆ! ಇಬ್ಬರಿಗೂ ತುಂಬಾ ಥ್ಯಾಂಕ್ಸ್.