ಸೊಂಗ್‌ಕ್ರಾನ್‌ಗೆ ಚಿಯಾಂಗ್ ಮಾಯ್‌ನಲ್ಲೇ ಇರೋದಾ, ಊರು ಬಿಡೋದಾ? ಅನುಭವ ಇದ್ದವರು ಹೇಳಿ

ಥಾ ಫೇ ಹೊಸಬ:
ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದೆವು. ಮನೆ ಹಳೇ ಊರಿನ ಒಳಗೆ, ಕಂದಕದ ಪಕ್ಕ, ಥಾ ಫೇ ಗೇಟಿಗೆ ಐದು ನಿಮಿಷ ನಡಿಗೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಥಾಯ್ ಹೊಸ ವರ್ಷದ ನೀರೆರಚುವ ಹಬ್ಬ. ಆಫೀಸಿನಲ್ಲಿ ಅರ್ಧ ಜನ "ನೋಡಲೇಬೇಕು" ಅನ್ನುತ್ತಾರೆ. ಹತ್ತು ವರ್ಷದಿಂದ ಇಲ್ಲಿರುವ ಬಿಳಿಯರು ಮಾತ್ರ ಆಗಲೇ ಟಿಕೆಟ್ ತೆಗೆಸಿದ್ದಾರೆ. 9ಕ್ಕೆ ಅಮ್ಮ ಬರುತ್ತಿದ್ದಾರೆ, 71 ವರ್ಷ, ಮಂಡಿ ನೋವು. ಮಗಳಿಗೆ ನಾಲ್ಕು. ನನ್ನ ಪ್ರಶ್ನೆ ಎರಡೇ. ಬೆಳಿಗ್ಗೆ ಅಮ್ಮನನ್ನು ವಾಟ್ ಫ್ರಾ ಸಿಂಗ್ ದೇವಸ್ಥಾನಕ್ಕೆ ಒದ್ದೆ ಆಗದಂತೆ ಕರೆದುಕೊಂಡು ಹೋಗಿ ಬರಬಹುದಾ? ಮಧ್ಯಾಹ್ನ ಮಗುವನ್ನು ಗೇಟಿನ ಹೊರಗೆ ನಿಲ್ಲಿಸಬಹುದಾ? ಆಗಲ್ಲ ಅಂದರೆ ಸಮುದ್ರ ತೀರದ ಹುವಾ ಹಿನ್‌ನಲ್ಲಿ ರೂಮು ನೋಡುತ್ತೇನೆ.

ಸಿಲೋಂ ಬಾಧಿತ:
ನನ್ನ ಕಥೆ ಕೇಳಿ, ಆಮೇಲೆ ನೀವೇ ಯೋಚಿಸಿ. 2018, ಬ್ಯಾಂಕಾಕ್, ಸಿಲೋಂ ರಸ್ತೆ. ನಾನು ಆಡೋಕೆ ಹೋದವನಲ್ಲ. ಇಸ್ತ್ರಿಗೆ ಕೊಟ್ಟ ಬಟ್ಟೆ ತರೋಕೆ ಹೋದವನು. ಕಣ್ಣಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇತ್ತು. ಒಬ್ಬ ನೀರಿನ ಗನ್ನಿನಿಂದ ನೇರ ಕಣ್ಣಿಗೇ ಹೊಡೆದ. ಇನ್ನೊಬ್ಬಳು ನಗುತ್ತಾ ಬಂದು ಕೆನ್ನೆಗೆ ದಿನ್ ಸೊ ಪೋಂಗ್ ಬಳಿದಳು. ಆ ಬಿಳಿ ಮಣ್ಣಿನ ಪೇಸ್ಟು ನೀರಿನ ಜೊತೆ ಕಣ್ಣೊಳಗೆ ಇಳಿಯಿತು. ರಾತ್ರಿ ಹೊತ್ತಿಗೆ ಕಣ್ಣು ಕೆಂಡ. ನಾನು ಯಾವಾಗಲೂ ಹೋಗುವ ಕ್ಲಿನಿಕ್ 14ಕ್ಕೂ ಮುಚ್ಚಿತ್ತು, 15ಕ್ಕೂ ಮುಚ್ಚಿತ್ತು. ನಾಳೆ ಸರಿ ಹೋಗುತ್ತೆ ಅಂತ ಸುಮ್ನೆ ಇದ್ದೆ, ಅದೇ ತಪ್ಪು. 16ರಂದು ದೊಡ್ಡ ಆಸ್ಪತ್ರೆಗೆ ಹೋದರೆ ಕಾರ್ನಿಯಾದಲ್ಲಿ ಹುಣ್ಣು ಅಂದರು.

ಲೆಕ್ಕ ಬರೆದಿಟ್ಟಿದ್ದೇನೆ. ಮೊದಲ ದಿನ 6,850 ಬಾತ್. ಎರಡು ರಾತ್ರಿ ಅಡ್ಮಿಟ್, 34,200. ಗಂಟೆಗೊಮ್ಮೆ ಡ್ರಾಪ್ಸ್, ನಡುರಾತ್ರಿಯಲ್ಲೂ ಎಬ್ಬಿಸಿ ಹಾಕುತ್ತಿದ್ದರು. ಆಮೇಲೆ ಐದು ಸಲ ಚೆಕಪ್, ಸಲಕ್ಕೆ 2,100. ಒಟ್ಟು 51,550. ಟ್ಯಾಕ್ಸಿ ಸೇರಿಸಿಲ್ಲ. ಇವತ್ತಿಗೂ ಎಡಗಣ್ಣಿನಲ್ಲಿ ರಾತ್ರಿ ಬೀದಿದೀಪ ನೋಡಿದರೆ ಸುತ್ತ ಬಳೆ ಕಾಣುತ್ತದೆ. 2020ರಲ್ಲಿ ಕೋವಿಡ್ ಅಂತ ನೀರಾಟ ನಿಲ್ಲಿಸಿದಾಗ ನನಗೆ ಒಳಗೊಳಗೇ ಖುಷಿ ಆಗಿತ್ತು, ಸುಳ್ಳು ಹೇಳಲ್ಲ. ಈಗ 12ರ ಸಂಜೆ ಅಕ್ಕಿ, ಮೊಸರು, ಮ್ಯಾಗಿ ತಂದಿಟ್ಟು ಬಾಗಿಲು ಹಾಕಿದರೆ 16ಕ್ಕೇ ತೆಗೆಯೋದು.

ಬಾಗಲಕೋಟೆ ಬ್ಯಾರಲ್:
ಅಯ್ಯೋ, ಒಂದು ಕಣ್ಣಿನ ಕಥೆಗೆ ಇಡೀ ಹಬ್ಬಕ್ಕೇ ಬಾಗಿಲು ಹಾಕೋದಾ ಸರ್? ಲೆನ್ಸ್ ಹಾಕಿಕೊಂಡು ಸಿಲೋಂಗೆ ಹೋಗಿ ಅಂತ ಯಾರು ಹೇಳಿದರು?

ನಾನು ಚಿಯಾಂಗ್ ಮಾಯ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಬಾಗಲಕೋಟೆ ಹೋಳಿ ನೋಡಿ ಬೆಳೆದವನಿಗೆ ಇದು ತವರು ಮನೆ. ಅಲ್ಲಿ ಬಂಡಿ ಮೇಲೆ ಬಣ್ಣದ ನೀರಿನ ಬ್ಯಾರಲ್ ಇಟ್ಟುಕೊಂಡು ಓಣಿ ಓಣಿ ಸುತ್ತುತ್ತೇವೆ. ಇಲ್ಲಿ ಪಿಕಪ್ ಮೇಲೆ ಬ್ಯಾರಲ್, ಬಣ್ಣ ಇಲ್ಲ, ಅಷ್ಟೇ ವ್ಯತ್ಯಾಸ. ಆರು ಜನ ಸೇರಿ ಪಿಕಪ್ ಬಾಡಿಗೆ ಹಿಡಿಯುತ್ತೇವೆ. ಹೋದ ಸಲ ಮೂರು ದಿನಕ್ಕೆ 9,000, ತಲೆಗೆ 1,500. ನೀರಿಗೆ ಹಾಕೋ ಐಸ್ ಗಡ್ಡೆಗೇ ದಿನಕ್ಕೆ 400 ಹೋಯಿತು. ಮಧ್ಯಾಹ್ನ ಮೂರರ ಮೇಲೆ ಐಸ್ ಸಿಗೋದೇ ಇಲ್ಲ, ಸಿಕ್ಕರೆ ಡಬಲ್ ರೇಟು. 890 ಕೊಟ್ಟು ತಂದ ಗನ್ನು ಎರಡೇ ಗಂಟೆಯಲ್ಲಿ ಪಂಪು ಮುರಿಯಿತು. ಬಕೆಟ್ಟೇ ಸರಿ. ಕುತ್ತಿಗೆಗೆ ನೇತು ಹಾಕುವ 50 ಬಾತ್‌ನ ಪ್ಲಾಸ್ಟಿಕ್ ಚೀಲ ನಂಬಿ ಒಂದು ಫೋನ್ ಕಳೆದುಕೊಂಡೆ, ಅದು ಬೇರೆ ಮಾತು. ಕಂದಕದ ಸುತ್ತ ಒಂದು ಸುತ್ತು ಹಾಕೋಕೆ ನಾಲ್ಕು ಗಂಟೆ ಬೇಕು. ನಲವತ್ತು ಡಿಗ್ರಿ ಬಿಸಿಲಲ್ಲಿ ಆ ನಾಲ್ಕು ಗಂಟೆ ಸ್ವರ್ಗ. ಯುನೆಸ್ಕೊದವರೇ 2023ರ ಡಿಸೆಂಬರ್‌ನಲ್ಲಿ ಈ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನೀರು ಕಂಡರೆ ಆಗದವರು ಬೇರೆ ದೇಶ ನೋಡಿಕೊಳ್ಳಬಹುದು.

ಸಿಲೋಂ ಬಾಧಿತ:
ಫೋನ್ ಕಳೆದುಕೊಂಡಿದ್ದು "ಬೇರೆ ಮಾತು". ನನ್ನ ಕಣ್ಣು ಮಾತ್ರ ನನ್ನದೇ ತಪ್ಪು. ಚೆನ್ನಾಗಿದೆ. ಆ ಕಂದಕದ ನೀರು ಎಂಥದ್ದು ಅಂತ ನಿಮಗೆ ಗೊತ್ತಾ? ಬಕೆಟ್ ಇಳಿಸಿ ಮೊಗೆದು ಜನರ ಬಾಯಿಗೆ ಎರಚೋದು. ಅದನ್ನ ಪುಣ್ಯ ಅನ್ನಬೇಕಾ?

ಇಸಾನ್ ಅಳಿಯ:
ಇಬ್ಬರೂ ನೋಡಿರೋದು ಸೊಂಗ್‌ಕ್ರಾನ್ ಅಲ್ಲ, ಬೀದಿ ಜಗಳ. ಯುನೆಸ್ಕೊ ಸೇರಿಸಿದ್ದು ಬರೀ ನಿಮ್ಮ ಪಿಕಪ್ಪನ್ನಲ್ಲ ಗುರು. ಬುದ್ಧನ ಮೂರ್ತಿಗೆ ನೀರು ಹಾಕೋದು, ಹಿರಿಯರ ಕೈಗೆ ನೀರು ಬಿಡೋದು, ಮನೆಯವರೆಲ್ಲ ಸೇರೋದು, ಇವೂ ಅದರಲ್ಲಿ ಇವೆ.

ನನ್ನ ಹೆಂಡತಿ ಊರು ಈಶಾನ್ಯ ಥಾಯ್ಲೆಂಡಿನ ಇಸಾನ್‌ನಲ್ಲಿ, ಖೋನ್ ಕೇನ್ ಹತ್ತಿರ. ಹನ್ನೊಂದು ವರ್ಷದಲ್ಲಿ ಕೋವಿಡ್ ಬಿಟ್ಟರೆ ಒಂದು ಸಲವೂ ತಪ್ಪಿಸಿಲ್ಲ. ಬ್ಯಾಂಕಾಕ್‌ನಿಂದ ಸುಮಾರು 450 ಕಿ.ಮೀ., ಬೇರೆ ದಿನ ಆರು ಗಂಟೆ. 12ರ ಸಂಜೆ ಹೊರಟರೆ ಹದಿನಾಲ್ಕು ಗಂಟೆ. ದಾರಿಯಲ್ಲೇ ಬೆಳಗಾಗಿರುತ್ತದೆ. ಒಂದು ಸಲ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದೇನೆ.

ಊರಲ್ಲಿ ಬೆಳಿಗ್ಗೆ ಮಾವನವರನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಬಟ್ಟಲಲ್ಲಿ ಮಲ್ಲಿಗೆ ಹಾಕಿದ ಪನ್ನೀರು. ನಾವು ಮೊಣಕಾಲೂರಿ ಅವರ ಎರಡೂ ಅಂಗೈಗೆ ನಿಧಾನಕ್ಕೆ ಬಿಡಬೇಕು. ಅವರು ಅದೇ ಒದ್ದೆ ಕೈಯನ್ನು ನಮ್ಮ ತಲೆ ಮೇಲೆ ಇಟ್ಟು ಏನೋ ಹೇಳುತ್ತಾರೆ. ಮೊದಲ ವರ್ಷ ಒಂದು ಪದವೂ ಅರ್ಥ ಆಗಲಿಲ್ಲ. ನಮ್ಮಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಲ್ಲೇ ಅತ್ತುಬಿಟ್ಟೆ.

ಹಾಗಂತ ಎಲ್ಲಾ ಸಿಹಿ ಅಂದುಕೊಳ್ಳಬೇಡಿ. ಹಿರಿಯರ ಕೈಗೆ ಕವರು, ಒಟ್ಟು ಹನ್ನೊಂದು ಜನ, 500ಕ್ಕೆ ಕಡಿಮೆ ಇಲ್ಲ. ಬಿಯರ್ ಕ್ರೇಟು ನನ್ನದು. ಹಂದಿ ಮಾಂಸದ ದುಡ್ಡೂ ನನ್ನದು, ನಾನು ಮುಟ್ಟೋದೂ ಇಲ್ಲ. ಹೋದ ವರ್ಷ ಐದು ದಿನಕ್ಕೆ 38,000 ಬಾತ್. ಬ್ಯಾಂಕಾಕಿನ ಅಳಿಯ ಅಂದರೆ ಎಟಿಎಂ ಅಂದುಕೊಂಡಿದ್ದಾರೆ. ಭಾಮೈದನ ಬೈಕ್ ಕಂತಿನ ಕಥೆ ಶುರು ಮಾಡಿದರೆ ನಿಲ್ಲಲ್ಲ, ಬಿಡಿ.

ಕುಡ್ಲ ಟು ಫುಕೆಟ್:
ನಾನು ಪ್ರತಿ ಏಪ್ರಿಲ್‌ಗೆ ಊರಿಗೆ ಓಡುವವಳು, ಅದರಲ್ಲಿ ನಾಚಿಕೆ ಏನೂ ಇಲ್ಲ ಮಾರಾಯ್ರೆ. ಇಲ್ಲಿ ಸೊಂಗ್‌ಕ್ರಾನ್ ಅಂದರೆ ನಮಗೆ ಬಿಸು, ತುಳುವರ ಹೊಸ ವರ್ಷ. ಬೆಳಿಗ್ಗೆ ಎದ್ದು ಹಣ್ಣು, ಹೂ ಜೋಡಿಸಿಟ್ಟ ಕಣಿ ನೋಡದೆ ಬೀಚಲ್ಲಿ ಕುಡಿದವರ ಕೈಲಿ ನೀರು ಎರಚಿಸಿಕೊಳ್ಳೋದು ನನಗೆ ಆಗುವುದಿಲ್ಲ. ಹೆಂಗಸರ ವಿಷಯ ಯಾರೂ ಬರೆಯಲಿಲ್ಲ ಅಲ್ವಾ? ಪೌಡರ್ ಹಚ್ಚುವ ನೆಪದಲ್ಲಿ ಕೈ ಎಲ್ಲೆಲ್ಲಿ ಹೋಗುತ್ತದೆ ಅಂತ ಯಾವ ಹೆಂಗಸನ್ನಾದರೂ ಕೇಳಿ.

ಆದರೆ ಓಡಿಹೋಗೋದಕ್ಕೂ ಬೆಲೆ ಇದೆ. 2023ರಲ್ಲಿ ಗಡಿಬಿಡಿಯಲ್ಲಿ ರೀಎಂಟ್ರಿ ಪರ್ಮಿಟ್, ಅಂದರೆ ಇದ್ದ ವೀಸಾದಲ್ಲೇ ವಾಪಸ್ ಬರುವ ಅನುಮತಿ, ಮಾಡಿಸದೆ ಹೊರಟೆ. ಬರೀ 1,000 ಬಾತ್‌ನದ್ದು! ದೇಶ ಬಿಟ್ಟ ಕೂಡಲೇ ನವೆಂಬರ್ ತನಕ ಇದ್ದ ವೀಸಾ ಎಕ್ಸ್‌ಟೆನ್ಷನ್ ಸತ್ತಿತು. ವಾಪಸ್ ಬಂದಾಗ ಕೌಂಟರಿನಲ್ಲಿ ಆ ಹುಡುಗ ಪಾಸ್‌ಪೋರ್ಟ್ ಹಿಂದೆ ಮುಂದೆ ತಿರುಗಿಸುವುದು ನೋಡಿಯೇ ಹೊಟ್ಟೆ ಕಲಸಿತು. ಆನ್ ಅರೈವಲ್ ವೀಸಾ 2,000, ಹದಿನೈದೇ ದಿನ. ಅಷ್ಟರೊಳಗೆ ಕಂಪನಿಯಿಂದ ಹೊಸ ಕಾಗದ. ಲಾವೋಸ್‌ನ ವಿಯೆಂಟಿಯಾನ್‌ಗೆ ಹೋಗಿ ಕೆಲಸದವರಿಗೆ ಕೊಡುವ ನಾನ್ ಬಿ ವೀಸಾ, ಮತ್ತೆ 2,000. ವಿಮಾನ, ಹೋಟೆಲ್ 13,400. ಏಜೆಂಟ್ 18,000. ಕೆಲಸ ಮಾಡದ ಹದಿನೆಂಟು ದಿನದ ಸಂಬಳ ಕಟ್. ಆ ವರ್ಷದ ಬಿಸು ಪಾಯಸ ಬಹಳ ದುಬಾರಿ ಬಿತ್ತು.

ಸಿಲೋಂ ಬಾಧಿತ:
ಬ್ಯಾಂಕಾಕಿನ ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ರೀಎಂಟ್ರಿ ಕೌಂಟರ್ ಇದೆಯಲ್ಲ ಮೇಡಂ? ಹೊರಡುವಾಗಲೇ ಮಾಡಿಸಬಹುದಿತ್ತು.

ಕುಡ್ಲ ಟು ಫುಕೆಟ್:
ಹೆಸರಲ್ಲೇ ಫುಕೆಟ್ ಇದೆ, ನಾನು ಸುವರ್ಣಭೂಮಿಗೆ ಯಾಕೆ ಹೋಗಲಿ? ಲೆನ್ಸ್ ತೆಗೆಯೋದು ಮರೆತವರು ಪರ್ಮಿಟ್ ಮರೆತವರಿಗೆ ಬುದ್ಧಿ ಹೇಳಬೇಡಿ.

ಬಾಗಲಕೋಟೆ ಬ್ಯಾರಲ್:
ಹ್ಹಹ್ಹ, ಇದು ಸರಿ. ಆದರೆ ಅಕ್ಕ, ಸೊಂಗ್‌ಕ್ರಾನ್‌ಗೂ ನಿಮ್ಮ ಬಿಸುವಿಗೂ ಏನು ಸಂಬಂಧ? ಕನ್ನಡಿಗರ ಹೊಸ ವರ್ಷ ಯುಗಾದಿ. ಸಂಕ್ರಾಂತಿ ಅಂದರೆ ಜನವರಿ, ಎಳ್ಳು ಬೆಲ್ಲ.

ಕುಡ್ಲ ಟು ಫುಕೆಟ್:
ಸಂಕ್ರಾಂತಿ ವರ್ಷಕ್ಕೆ ಒಂದೇ ಅಲ್ಲ, ಹನ್ನೆರಡು. ಸೂರ್ಯ ಮೇಷಕ್ಕೆ ಬರುವ ಸಂಕ್ರಾಂತಿಯೇ ತುಳುವರಿಗೆ ಬಿಸು, ಮಲಯಾಳಿಗಳಿಗೆ ವಿಷು, ತಮಿಳರಿಗೆ ಪುತ್ತಾಂಡು. ಸೊಂಗ್‌ಕ್ರಾನ್ ಅನ್ನೋ ಹೆಸರೇ ಸಂಕ್ರಾಂತಿಯಿಂದ ಬಂದದ್ದು. ಬಿಸು ಆಚರಿಸುವ ನಾವು ಕನ್ನಡಿಗರಲ್ಲವಾ ಹಾಗಾದರೆ?

ಇಸಾನ್ ಅಳಿಯ:
ಇಲ್ಲಿಯವರಿಗೂ ಸರ್ಕಾರಿ ಹೊಸ ವರ್ಷ 1941ರಿಂದ ಜನವರಿ 1ಕ್ಕೇ. ಅದಕ್ಕೆ ಯಾರು ಊರಿಗೆ ಹೋಗೋಕೆ ಇಷ್ಟು ಒದ್ದಾಡುತ್ತಾರೆ ಹೇಳಿ. ಯುಗಾದಿ, ಬಿಸು ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಒಂದು ಭುಜದವ:
ತಡವಾಗಿ ನೋಡಿದೆ. ಬ್ಯಾರಲ್ ಅವರೇ, ನಿಮ್ಮಂಥವರು ಎರಚಿದ ಒಂದು ಬಕೆಟ್ಟಿನ ಬೆಲೆ ಹೇಳಲಾ? 2024, ಚಿಯಾಂಗ್ ಮಾಯ್, ಏಪ್ರಿಲ್ 14. ಸ್ಕೂಟರಿನಲ್ಲಿ ಬರೀ ಮೂವತ್ತರ ವೇಗ, ಹೆಲ್ಮೆಟ್ ಇತ್ತು. ಎದುರಿನ ಪಿಕಪ್ಪಿನಿಂದ ಐಸ್ ನೀರು ಮುಖಕ್ಕೆ. ನೀರಲ್ಲ ಅದು, ಕಪಾಳಕ್ಕೆ ಹೊಡೆದ ಹಾಗೆ. ಬಿದ್ದೆ. ಕಾಲರ್‌ಬೋನ್ ಎರಡು ತುಂಡು. ಪ್ಲೇಟು ಹಾಕಿದ ಆಪರೇಷನ್, ಮೂರು ರಾತ್ರಿ, 1,84,000 ಬಾತ್. ಇನ್ಶೂರೆನ್ಸ್‌ನವರು ಕೇಳಿದ ಮೊದಲ ಪ್ರಶ್ನೆ, ಬೈಕ್ ಲೈಸೆನ್ಸ್ ಇದೆಯಾ? ನನ್ನದು ಕಾರಿನ ಲೈಸೆನ್ಸ್ ಮಾತ್ರ. ಒಂದು ಬಾತ್ ಕೊಡಲಿಲ್ಲ. ಎರಡು ಸಲ ಪತ್ರ ಬರೆದೆ, ಎರಡಕ್ಕೂ ಒಂದೇ ಉತ್ತರ. ಊರಲ್ಲಿದ್ದ ಸೈಟಿಗೆ ಕೂಡಿಟ್ಟ ದುಡ್ಡು ಅದು. ಪ್ಲೇಟು ಇನ್ನೂ ಒಳಗಿದೆ, ತೆಗೆಸೋಕೆ ಮತ್ತೆ 70,000 ಹೇಳಿದ್ದಾರೆ.

ಈ ಹಬ್ಬದ ಏಳು ದಿನಕ್ಕೆ ಥಾಯ್‌ನವರೇ "ಏಳು ಅಪಾಯದ ದಿನ" ಅಂತ ಹೆಸರಿಟ್ಟಿದ್ದಾರೆ. ಆ ವರ್ಷ ಆ ಏಳು ದಿನದಲ್ಲಿ ರಸ್ತೆಯಲ್ಲಿ ಸತ್ತವರು 200ಕ್ಕಿಂತ ಜಾಸ್ತಿ, ಅದರಲ್ಲಿ ಬೈಕಿನವರೇ ಹೆಚ್ಚು. ಸ್ವರ್ಗ ಅಂತೆ.

ಬಾಗಲಕೋಟೆ ಬ್ಯಾರಲ್:
ನಿಮಗೆ ಆಗಿದ್ದಕ್ಕೆ ಬೇಜಾರಿದೆ ಅಣ್ಣ. ಆದರೆ ನಾವು ಓಡುವ ಬೈಕಿಗೆ ಎರಚಲ್ಲ, ನಿಂತವರಿಗೆ ಮಾತ್ರ. ಮತ್ತೆ ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿದ್ದು ನಾನಲ್ಲ.

ಒಂದು ಭುಜದವ:
ಪಿಕಪ್ ಮೇಲೆ ಬಿಯರ್ ಹಿಡಿದು ನಿಂತವನಿಗೆ ಯಾರು ನಿಂತಿದ್ದಾರೆ, ಯಾರು ಓಡುತ್ತಿದ್ದಾರೆ ಅಂತ ಕಾಣುತ್ತಾ? ನನಗೆ ಅಣ್ಣ ಅನ್ನಬೇಡಿ.

ನಿಮ್ಮನ್ ಅಕ್ಕ:
ಸ್ವಲ್ಪ ತಾಳ್ಮೆ ತಗೊಳ್ಳಿ. ಇಲ್ಲಿ ಉತ್ತರದಲ್ಲಿ 14ನೇ ತಾರೀಖಿಗೆ ವಾನ್ ನಾವ್ ಅಂತಾರೆ, ಕೊಳೆತ ದಿನ. ಅವತ್ತು ಯಾರನ್ನಾದರೂ ಬೈದರೆ ವರ್ಷವಿಡೀ ಬಾಯಿ ಕೊಳೆಯುತ್ತಂತೆ. ನೀವು ಮಾರ್ಚ್‌ನಲ್ಲೇ ಬೈದು ಮುಗಿಸುತ್ತಿದ್ದೀರಿ, ಒಳ್ಳೇದೇ.

ನಾನು ಹದಿಮೂರು ವರ್ಷದಿಂದ ಇಲ್ಲಿದ್ದೇನೆ. ನೀರಿನಿಂದ ಯಾವತ್ತೂ ತೊಂದರೆ ಆಗಿಲ್ಲ. ನನ್ನನ್ನು ಓಡಿಸಿದ್ದು ಹೊಗೆ. ಮಾರ್ಚ್, ಏಪ್ರಿಲ್ ಬಂತೆಂದರೆ ಕಾಡು, ಹೊಲ ಎಲ್ಲಾ ಉರಿಯುತ್ತಿರುತ್ತದೆ, ದೋಯಿ ಸುತೇಪ್ ಬೆಟ್ಟ ಕಣ್ಣಿಗೇ ಕಾಣಲ್ಲ. ಮಗನಿಗೆ ವೀಸಿಂಗ್. ಏರ್ ಪ್ಯೂರಿಫೈಯರ್ ಮೂರು, 6,990ರಂತೆ, ವರ್ಷಕ್ಕೊಮ್ಮೆ ಫಿಲ್ಟರ್ 1,200. ಈಗ ಎರಡು ತಿಂಗಳು ದಕ್ಷಿಣಕ್ಕೆ ಹೋಗಿ ಸೊಂಗ್‌ಕ್ರಾನ್ ಹಿಂದಿನ ದಿನ ವಾಪಸ್ ಬರುತ್ತೇವೆ, ಉಳಿದವರೆಲ್ಲ ಹೊರಡುವಾಗ. 13ರ ನಸುಕಿಗೇ ಪಟಾಕಿ ಶಬ್ದ. ದೇವಸ್ಥಾನದ ಅಂಗಳದಲ್ಲಿ ಮರಳಿನ ಚೇದಿ, ಅಂದರೆ ಸ್ತೂಪ, ಕಟ್ಟುತ್ತಾರೆ. ವರ್ಷವಿಡೀ ಕಾಲಿಗೆ ಅಂಟಿಕೊಂಡು ಹೊರಗೆ ಹೋದ ಮರಳನ್ನು ತಿರುಗಿ ಕೊಡೋದು ಅಂತ ಲೆಕ್ಕ. ನನಗೆ ಇಡೀ ಹಬ್ಬದಲ್ಲಿ ಇಷ್ಟವಾದದ್ದು ಅದೊಂದೇ. ಒಂಬತ್ತು ಗಂಟೆ ತನಕ ಬೀದಿ ಶಾಂತ. ಆಮೇಲೆ ನಾನು ಹೊರಗೆ ಬರಲ್ಲ.

ಥಾ ಫೇ ಹೊಸಬ:
ಎಲ್ಲರಿಗೂ ಧನ್ಯವಾದ. ಆದರೆ ಮಂಡಿ ನೋವಿನ ಅಮ್ಮನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇದನ್ನೆಲ್ಲ ಓದಿ ಹೆಂಡತಿ ಹೆದರಿಕೊಂಡಳು. ನಿನ್ನೆ ರಾತ್ರಿ ಹುವಾ ಹಿನ್‌ನಲ್ಲಿ ನಾಲ್ಕು ರಾತ್ರಿಗೆ ರೂಮು ಬುಕ್ ಮಾಡಿದೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ.

ಬಾಗಲಕೋಟೆ ಬ್ಯಾರಲ್:
ಹುವಾ ಹಿನ್‌ನಲ್ಲೂ ಎರಚುತ್ತಾರೆ ಸರ್.

ಕುಡ್ಲ ಟು ಫುಕೆಟ್:
ದೇಶದಲ್ಲೆಲ್ಲ ಎರಚುತ್ತಾರೆ. ಪಟ್ಟಾಯದಲ್ಲಂತೂ 19ರ ತನಕ. ಓಡುವುದಾದರೆ ವಿಮಾನ ಹತ್ತಿ ಓಡಬೇಕು, ಪರ್ಮಿಟ್ ಮಾಡಿಸಿಕೊಂಡು.

ಸಿಲೋಂ ಬಾಧಿತ:
ರೂಮು ಎಷ್ಟು ಬಿತ್ತು?

ಥಾ ಫೇ ಹೊಸಬ:
14,800.

ಸಿಲೋಂ ಬಾಧಿತ:
ಜಾಸ್ತಿ ಆಯಿತು. 2017ರಲ್ಲಿ, ಕಣ್ಣು ಹೋಗುವ ಹಿಂದಿನ ವರ್ಷ, ನಾನೂ ಹುವಾ ಹಿನ್‌ಗೆ ಹೋಗಿದ್ದೆ. ರೈಲಿನಲ್ಲಿ ಸೀಟಿಲ್ಲದೆ ನಾಲ್ಕು ಗಂಟೆ ನಿಂತುಕೊಂಡು. ಆ ಕಥೆ ಸಂಜೆ ಬರೆಯುತ್ತೇನೆ, ಬಿಲ್ಲು ಎಲ್ಲೋ ಇಟ್ಟಿದ್ದೇನೆ.