ಝೂದಲ್ಲಿ ಟೆಲಿ ಲೆನ್ಸ್, ಕನ್ವರ್ಟರ್: ಕೇಳ್ರಿ, ಹೇಳ್ತೀವಿ

ಕಲ್ಯಾಣ ಕರ್ನಾಟಕದ ಫೋಟೋ ಆಸಕ್ತರ ಗುಂಪಿನಲ್ಲಿ ಈ ಸಲ ಮೃಗಾಲಯದ ಫೋಟೋಗಳದ್ದೇ ಮಾತು. ಕನ್ವರ್ಟರ್ ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂಡಿಸುವ, ಚಿತ್ರವನ್ನು 1.4 ಅಥವಾ 2 ಪಟ್ಟು ದೊಡ್ಡದು ಮಾಡುವ ಗಾಜು. ಎಫ್ ಸಂಖ್ಯೆ ದೊಡ್ಡದಾದಷ್ಟು ಒಳಬರುವ ಬೆಳಕು ಕಡಿಮೆ; ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ತೋರಿಸುವ ಚುರುಕು. ಉತ್ತರ ಕೊಡುತ್ತಿರುವವರು ಕಲಬುರಗಿಯಲ್ಲಿ ಫೋಟೋಗ್ರಫಿಯನ್ನೇ ವೃತ್ತಿ ಮಾಡಿಕೊಂಡವರು.

ಪ್ರಶ್ನೆ (ಕಲಬುರಗಿ, ಕಾಲೇಜು ವಿದ್ಯಾರ್ಥಿ):
ನಮಸ್ಕಾರ್ರಿ ಸರ್. ನನ್ನ ಹತ್ರ ನಿಕಾನ್ ಡಿ7500 ಅದ, ಕಾಕಾಂದು 200-500 ಎಫ್/5.6 ಲೆನ್ಸ್ ಅದ. ಸೆಕೆಂಡ್ ಹ್ಯಾಂಡ್‌ನಾಗ 1.4 ಎಕ್ಸ್ ಕನ್ವರ್ಟರ್ ತಗೊಂಡು ಹೈದರಾಬಾದಿನ ನೆಹರೂ ಝೂಕ್ಕ ಹೋಗಿದ್ದೆ. ಏಪ್ರಿಲ್ ಬಿಸಲು. ಮುಂಜಾನಿ ಗಾಡಿ ಹತ್ತಿದ್ರೂ ಒಳಗ ಹೋಗೂದ್ರಾಗ ಹನ್ನೆರಡು ದಾಟಿತ್ತು. ಹುಲಿ ಕಂದಕದ ಆ ಕಡಿ ನೆರಳಿನಾಗ ಮಲಗಿತ್ತು. 700 ಎಂಎಂ, ಎಫ್/8, ಶಟರ್ 1/320 ಸೆಕೆಂಡ್, ಐಎಸ್‌ಒ 400. ಒಂದ್ ಫೋಟೋನೂ ಖಡಕ್ ಬಂದಿಲ್ರಿ, ಮೀಸಿ ಕೂದಲ ಎಲ್ಲಾ ಕಲಸಿಹೋದಂಗ ಆಗ್ಯಾವ. ಮೂರು ಫೋಟೋ ಕೆಳಗ ಹಾಕೀನಿ. ಕನ್ವರ್ಟರ್ ಕೆಟ್ಟದ ಏನ್ರಿ? ಇದನ್ನ ಮಾರಿ 2 ಎಕ್ಸ್ ತಗೋ, ಹುಲಿ ಇನ್ನೂ ದೊಡ್ಡದಾಗಿ ಬರ್ತದ ಅಂತ ಗೆಳೆಯ ಹೇಳ್ಲಾಕತ್ತಾನ.

ಉತ್ತರ:
ತಮ್ಮಾ, ಮಾರಬ್ಯಾಡ. 2 ಎಕ್ಸ್ ಅಂತೂ ಈ ಲೆನ್ಸಿಗೆ ಬ್ಯಾಡವೇ ಬ್ಯಾಡ.

ನಿನ್ನ ಮೂರೂ ಫೋಟೋ ಪೂರ್ತಿ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಹುಲಿಯ ಎಡಗಿವಿ ಚಲೋ ಚೂಪಾಗಿ ಬಂದಿದೆ, ಮೂತಿ ಮಾತ್ರ ಕದಡಿದಂತಿದೆ. ಎರಡನೆಯದರಲ್ಲಿ ಮೂತಿ ಪರವಾಗಿಲ್ಲ, ಅದೇ ಕಿವಿಯ ಅಂಚು ಹಾವಿನಂತೆ ಡೊಂಕು. ಮೂರನೆಯದರಲ್ಲಿ ಎರಡೂ ಇಲ್ಲ. ಫೋಕಸ್ ತಪ್ಪಿದ್ದರೆ ಹುಲಿಯ ಮುಂದಿನ ಹುಲ್ಲೋ ಹಿಂದಿನ ಕಲ್ಲೋ ಚೂಪಾಗಿ ಸಿಗಬೇಕಿತ್ತು. ಕೈ ಅಲುಗಿದ್ದರೆ ಇಡೀ ಚೌಕಟ್ಟು ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತಿತ್ತು. ಗಾಜು ಕೆಟ್ಟಿದ್ದರೆ ಪ್ರತಿ ಫೋಟೋದಲ್ಲೂ ಅದೇ ಜಾಗ ಮಸುಕಾಗುತ್ತಿತ್ತು. ಹೀಗೆ ಒಂದು ಫೋಟೋದಿಂದ ಇನ್ನೊಂದಕ್ಕೆ ಜಾಗ ಬದಲಿಸುವ ಮಸುಕು ಬಿಸಿ ಗಾಳಿಯದು. ನಮ್ಮ ಡಾಂಬರು ರಸ್ತೆಯ ಮೇಲೆ ಮಧ್ಯಾಹ್ನ ನೀರು ನಿಂತಂತೆ ಕಾಣುತ್ತದಲ್ಲ, ಅದರದ್ದೇ ಕೆಲಸ. ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ, ಎರಡರ ನಡುವೆ ಹಾಯುವ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತದೆ. ಹುಲಿ ನೆರಳಿನಲ್ಲಿದ್ದರೂ ನಿನಗೂ ಅದಕ್ಕೂ ನಡುವಿನ ಕಾಂಕ್ರೀಟು, ಕಂದಕದ ಗೋಡೆ ಎಲ್ಲ ಬಿಸಿಲಲ್ಲೇ ಇದ್ದವು.

ಕನ್ವರ್ಟರ್ ಹುಲಿಯನ್ನಷ್ಟೇ ದೊಡ್ಡದು ಮಾಡುವುದಿಲ್ಲ. ನಡುವಿನ ಗಾಳಿ, ನಿನ್ನ ಕೈಯ ಅದುರು, ಲೆನ್ಸಿನ ಕುಂದು, ಎಲ್ಲವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಮೊದಲು ಅವುಗಳನ್ನು ಕಡಿಮೆ ಮಾಡಿಕೋ, ಆಮೇಲೆ ಕನ್ವರ್ಟರ್ ಹಾಕು. ಇದೇ ಕ್ರಮ. ಅಲ್ಲಿ ನಿಂತಾಗಲೇ ಪರೀಕ್ಷೆ ಮಾಡಬಹುದು: ಲೈವ್ ವ್ಯೂ (ಹಿಂದಿನ ಪರದೆಯ ನೋಟ) ಹಾಕಿ ಪೂರ್ತಿ ಝೂಮ್ ಮಾಡಿ ಪ್ರಾಣಿಯ ಅಂಚನ್ನು ನೋಡು. ಅಂಚು ಕುಣಿಯುತ್ತಿದ್ದರೆ ಎಂಥ ಬೆಲೆಯ ಲೆನ್ಸ್ ಹಾಕಿದರೂ ಅಷ್ಟೇ. ಕನ್ವರ್ಟರ್ ತೆಗೆದಿಟ್ಟು ಹತ್ತಿರದ ಪ್ರಾಣಿಯ ಕಡೆ ನಡೆ.

ಇನ್ನು ಶಟರ್. ನಿನ್ನ ಸೆನ್ಸರ್ ಚಿಕ್ಕದು, 1.5 ಪಟ್ಟು ಲೆಕ್ಕ ಹಿಡಿದರೆ 700 ಎಂಎಂ ಅಂದರೆ 1050 ಎಂಎಂನ ನೋಟ. ಲೆನ್ಸಿನಲ್ಲಿ ಅದುರು ತಡೆಯುವ ವಿಆರ್ ಇದ್ದರೂ ಕೈಯಲ್ಲಿ ಹಿಡಿದು 1/320 ಅಂದರೆ ನಂಬಿಕೆ ಇಡಲಾಗದು. 1/800ರಿಂದ 1/1000 ಇಟ್ಟುಕೋ. ಎಫ್/8ರಲ್ಲಿ, ಐಎಸ್‌ಒ 400 ಇಟ್ಟರೆ, ನೇರ ಬಿಸಿಲಲ್ಲಿ 1/1600 ಸಿಗುತ್ತದೆ. ನೆರಳಿಗೆ ಬಂದರೆ ಸುಮಾರು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿದು 1/200. ಆಗ ಐಎಸ್‌ಒ 1600ಕ್ಕೆ ಏರಿಸು, ಅಂಜಬ್ಯಾಡ. ಕಾಳು ಬಿದ್ದ ಫೋಟೋವನ್ನು ಸರಿ ಮಾಡಬಹುದು, ಅಲುಗಿದ್ದನ್ನು ಮಾಡಲಾಗದು.

2 ಎಕ್ಸ್ ಯಾಕೆ ಬ್ಯಾಡ ಅಂದರೆ, 1.4 ಎಕ್ಸ್ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಎಕ್ಸ್ ಎರಡು. ಎಫ್/5.6 ಲೆನ್ಸ್ ಮೊದಲನೆಯದರಲ್ಲಿ ಎಫ್/8 ಆಗುತ್ತದೆ, ಎರಡನೆಯದರಲ್ಲಿ ಎಫ್/11. ನಿನ್ನ ಕ್ಯಾಮೆರಾದ 51 ಫೋಕಸ್ ಪಾಯಿಂಟುಗಳಲ್ಲಿ ಎಫ್/8ಕ್ಕೆ ಭರವಸೆಯಿಂದ ಕೆಲಸ ಮಾಡುವುದು ನಡುವಿನ ಒಂದೇ. ಅದನ್ನೇ ಬಳಸು. ಎಫ್/11ಕ್ಕೆ ಅದೂ ಕೈ ಎತ್ತುತ್ತದೆ.

ಕನ್ವರ್ಟರ್ ಮೇಲೆ ಅನುಮಾನ ಹಾಗೇ ಉಳಿಯಬಾರದು. ಸೂರ್ಯ ಏರುವ ಮುಂಚೆ, ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟು, ಹತ್ತಿಪ್ಪತ್ತು ಮೀಟರ್ ದೂರದ ಗೋಡೆಗೆ ಪೇಪರಿನ ಹಾಳೆ ಅಂಟಿಸಿ ತೆಗೆ. ಕನ್ವರ್ಟರ್ ಹಾಕಿ, ಮೊದಲು ಲೈವ್ ವ್ಯೂದಲ್ಲಿ, ಆಮೇಲೆ ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ. ಲೈವ್ ವ್ಯೂದ್ದು ಚೂಪಾಗಿದ್ದು ಇನ್ನೊಂದು ಮಸುಕಾದರೆ ಗಾಜು ಸರಿಯಿದೆ, ಎಎಫ್ ಫೈನ್ ಟ್ಯೂನ್ (ಕ್ಯಾಮೆರಾ ಮೆನುವಿನಲ್ಲಿ ಫೋಕಸ್ ಹೊಂದಿಸುವುದು) ಮಾಡಬೇಕು. ಅದನ್ನೂ ಕನ್ವರ್ಟರ್ ಹಾಕಿಯೇ ಮಾಡು. ಎರಡೂ ಮಸುಕಾದರೆ ಆಗ ಕನ್ವರ್ಟರ್ ಅನ್ನು ದೂರೋಣ.

ಮುಂದಿನ ಸಲ ಹಿಂದಿನ ರಾತ್ರಿಯೇ ಹೈದರಾಬಾದ್ ಮುಟ್ಟಿ, ಗೇಟು ತೆರೆಯುವ ಹೊತ್ತಿಗೆ ಒಳಗಿರು. ಕಲಬುರಗಿಯಿಂದ ಇನ್ನೂರು ಕಿಲೋಮೀಟರ್ ಮೇಲೆ ದೂರ, ಅದೇ ದಿನ ಹೊರಟವರಿಗೆ ಸಿಗುವುದು ದಿನದ ಅತಿ ಕೆಟ್ಟ ಗಾಳಿ. ಸೋಮವಾರ ಝೂಕ್ಕೆ ರಜೆ, ನೆನಪಿರಲಿ.

ಪ್ರಶ್ನೆ (ಯಾದಗಿರಿ):
ಸರ್, ನಂದು ಕ್ಯಾನನ್ 1500ಡಿ, 55-250 ಲೆನ್ಸ್ ರೀ. ಕ್ಯಾನನ್ನಿಂದೇ 1.4 ಎಕ್ಸ್ ಎಕ್ಸ್‌ಟೆಂಡರ್ ಆನ್‌ಲೈನ್‌ನಾಗ ಕಡಿಮಿಗೆ ಬಂದದ. ತಗೊಳ್ಲೇನ್ರಿ?

ಉತ್ತರ:
ತಗೋಬ್ಯಾಡ ತಂಗಿ, ಕೂಡೋದಿಲ್ಲ. ಕ್ಯಾನನ್ ಇಎಫ್ ಎಕ್ಸ್‌ಟೆಂಡರಿನ (ಕನ್ವರ್ಟರಿಗೆ ಅವರಿಟ್ಟ ಹೆಸರು) ಮುಂದಿನ ಗಾಜು ಹೊರಗೆ ಚಾಚಿರುತ್ತದೆ. ಅದು ಒಳಗೆ ಹೋಗಲು ಜಾಗ ಇರುವುದು 70-200 ಎಲ್, 100-400 ಎಲ್‌ನಂಥ ಕೆಲವೇ ಲೆನ್ಸುಗಳಲ್ಲಿ. ಬೇರೆ ಕಂಪನಿಯ ಚಪ್ಪಟೆ ಕನ್ವರ್ಟರ್ ಕೂಡಿಸಿದರೂ 250ರ ತುದಿಯಲ್ಲಿ ಎಫ್/8 ಆಗಿ ಫೋಕಸ್ ಹುಡುಕುತ್ತಲೇ ಇರುತ್ತದೆ. ನಿನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್. ಕನ್ವರ್ಟರ್ ಬದಲು ಫೋಟೋವನ್ನೇ 1.4 ಪಟ್ಟು ಕತ್ತರಿಸಿದರೆ 12 ಉಳಿಯುತ್ತದೆ, 12×18 ಇಂಚಿನ ಪ್ರಿಂಟಿಗೆ ಧಾರಾಳ. ರೊಕ್ಕ ಉಳಿಸಿ ಹೈದರಾಬಾದಿಗೆ ಎರಡು ಸಲ ಹೋಗಿ ಬಾ.

ಪ್ರಶ್ನೆ (ಶಹಾಬಾದ್, ಮದುವೆ ಫೋಟೋಗ್ರಾಫರ್):
ಅಣ್ಣಾರ, ನಮ್ಮ ಕಸುಬಿಗೆ 70-200 ಎಫ್/2.8 ಇದ್ದೇ ಇರ್ತದ. ಇದಕ್ಕ 2 ಎಕ್ಸ್ ಹಾಕಿದ್ರ 400 ಆಗ್ತದ. ಮಕ್ಕಳನ್ನ ಕರ್ಕೊಂಡು ಕಲಬುರಗಿ ಪಬ್ಲಿಕ್ ಗಾರ್ಡನ್ ಝೂಕ್ಕ ಹೋದಾಗ ತೆಗೆದ ಹಳೆ ಫೋಟೋ ನೋಡಿದ್ರ ಎಲ್ಲಾದ್ರಾಗೂ ಮುಂದ ಜಾಳಿಗಿನೇ ಕಾಣ್ತದ. 2 ಎಕ್ಸ್ ಹಾಕಿದ್ರ ಜಾಳಿಗಿ ಇನ್ನೂ ದೊಡ್ಡದಾಗಿ ಕಾಣ್ತದೋ ಹ್ಯಾಂಗ?

ಉತ್ತರ:
ನಿಮ್ಮ ಲೆನ್ಸಿಗೆ 2 ಎಕ್ಸ್ ಸರಿ ಅಣ್ಣಾರ. ಮೇಲೆ ಆ ಹುಡುಗನಿಗೆ ಬ್ಯಾಡ ಅಂದೆ, ನಿಮಗೆ ಹೂಂ ಅನ್ನುತ್ತಿದ್ದೇನೆ. 2.8ರಿಂದ ಎರಡು ಸ್ಟಾಪ್ ಇಳಿದರೂ ನಿಮ್ಮದು ಎಫ್/5.6ಕ್ಕೆ ನಿಲ್ಲುತ್ತದೆ, ಫೋಕಸ್‌ಗೆ ತೊಂದರೆ ಇಲ್ಲ. ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

ಜಾಳಿಗೆಯ ಲೆಕ್ಕ ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದ ಹೇಳುತ್ತೇನೆ. ಜಾಳಿಗೆ ಕರಗುವುದು ಲೆನ್ಸಿನ ಕಣ್ಣು ಎಷ್ಟು ಅಗಲ ತೆರೆದಿದೆ ಎಂಬುದರ ಮೇಲೆ. 200ನ್ನು 2.8ರಿಂದ ಭಾಗಿಸಿ: 71 ಮಿಲಿಮೀಟರ್. 2 ಎಕ್ಸ್ ಹಾಕಿದ ಮೇಲೆ 400ನ್ನು 5.6ರಿಂದ ಭಾಗಿಸಿ: ಮತ್ತೆ 71. ಕನ್ವರ್ಟರ್ ಆ ಕಣ್ಣನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಮೊದಲು ಎಷ್ಟು ಕರಗುತ್ತಿತ್ತೋ ಈಗಲೂ ಅಷ್ಟೇ ಕರಗುತ್ತದೆ. 3 ಮಿಲಿಮೀಟರ್ ತಂತಿ 71 ಮಿಲಿಮೀಟರ್ ಕಣ್ಣಿಗೆ ಹತ್ತಿರ ಬಂದರೆ ಗುರುತೇ ಸಿಗದು. ನೀವೇ ಎಫ್/11ಕ್ಕೆ ಇಳಿಸಿದರೆ ಕಣ್ಣು 36ಕ್ಕೆ ಕುಗ್ಗಿ ತಂತಿ ಎದ್ದು ಕಾಣುತ್ತದೆ. 2 ಎಕ್ಸ್ ಜೊತೆ ಒಂದು ಸ್ಟಾಪ್ ಇಳಿಸಿದರೆ ಚೂಪು ಹೆಚ್ಚುತ್ತದೆ ಅಂತ ಹೇಳುವವರಿದ್ದಾರೆ, ಖರೆ ಮಾತು. ಆದರೆ ಜಾಳಿಗೆಯ ಮುಂದೆ ಆ ಮಾತು ಪಕ್ಕಕ್ಕಿಡಿ, 5.6ರಲ್ಲೇ ಇರಿ.

ಝೂದಲ್ಲಿ ಲೆನ್ಸನ್ನು ಜಾಳಿಗೆಗೆ ತಾಗಿಸಲು ಆಗುವುದಿಲ್ಲ, ಒಂದೆರಡು ಮೀಟರ್ ಹಿಂದೆ ಕಟಕಟೆ ಇರುತ್ತದೆ. ಅದು ಇರಬೇಕಾದ್ದೇ, ದಾಟಬಾರದು. ಹೀಗಾಗಿ ಕೈಯಲ್ಲಿರುವುದು ಪ್ರಾಣಿಯ ದೂರ. ಜಾಳಿಗೆ ನಿಮ್ಮಿಂದ ಒಂದೂವರೆ ಮೀಟರ್, ಚಿರತೆ ಮೂರು ಮೀಟರ್ ಇದ್ದರೆ ತಂತಿ ಕರಗಿಸಲು ಆ 71ರಲ್ಲಿ ಅರ್ಧ ಮಾತ್ರ ನಿಮ್ಮ ಪಾಲಿಗೆ. ಅದೇ ಚಿರತೆ ಹಿಂದೆ ಸರಿದು ಆರು ಮೀಟರಿಗೆ ಹೋದರೆ ಮುಕ್ಕಾಲು ಪಾಲು ಸಿಗುತ್ತದೆ. ಜನ ಪ್ರಾಣಿ ಜಾಳಿಗೆಗೆ ಬಂದಾಗ ಮುಗಿಬೀಳುತ್ತಾರೆ. ನೀವು ಅದು ಹಿಂದಿನ ಗೋಡೆಗೆ ಹೋಗುವವರೆಗೆ ಕಾಯಿರಿ. ಅಲ್ಲಿಗೇ 400 ಎಂಎಂ ಬೇಕಾಗುವುದು.

ಇನ್ನೊಂದು: ಬಿಸಿಲು ಬಿದ್ದ ತಂತಿ ಹೊಳೆದು ಫೋಟೋದ ಮೇಲೆ ಬಿಳಿ ಪರದೆ ಎಳೆಯುತ್ತದೆ. ಜಾಳಿಗೆಯ ಮೇಲೆ ಮರದ ನೆರಳು ಬಿದ್ದ ಜಾಗ ಹುಡುಕಿ ನಿಲ್ಲಿ, ಎರಡೇ ಹೆಜ್ಜೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಲೆನ್ಸ್ ಮೇಲಿನ ಫೋಕಸ್ ಲಿಮಿಟ್ ಸ್ವಿಚ್ಚನ್ನು ದೂರದ ಕಡೆಗೆ ಇಡಿ, ಫೋಕಸ್ ಹೋಗಿ ತಂತಿಗೆ ಅಂಟಿಕೊಳ್ಳುವುದು ನಿಲ್ಲುತ್ತದೆ. ಹಾವಿನ ಮನೆಯಂಥ ಗಾಜಿನ ಮುಂದೆ ಈ ಸ್ವಿಚ್ಚನ್ನು ಮತ್ತೆ ಫುಲ್‌ಗೆ ತಿರುಗಿಸಿ. ಕನ್ವರ್ಟರ್ ಹಾಕಿದರೂ ಲೆನ್ಸ್ ಎಷ್ಟು ಹತ್ತಿರ ಫೋಕಸ್ ಮಾಡುತ್ತಿತ್ತೋ ಅಷ್ಟೇ ಹತ್ತಿರ ಮಾಡುತ್ತದೆ, ಚಿತ್ರ ಮಾತ್ರ ಎರಡು ಪಟ್ಟು. ನಾಗರದ ಹೆಡೆಯ ಹುರುಪೆ ಎಣಿಸುವಂತೆ ಬರುತ್ತದೆ. ರಬ್ಬರ್ ಹುಡ್ ಗಾಜಿಗೆ ಒತ್ತಿ ಹಿಡಿಯಿರಿ. ಫ್ಲಾಶ್ ಬೇಡ.

ಪ್ರಶ್ನೆ (ಕಲಬುರಗಿ):
ಪ್ರಾಣಿ ತಲಿ ಎತ್ತಂಗಿಲ್ರಿ ಸರ್. ಸಿಳ್ಳಿ ಹೊಡದ್ರ ಒಮ್ಮೆ ನೋಡ್ತದ. ತಪ್ಪೇನ್ರಿ?

ಉತ್ತರ:
ತಪ್ಪು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 38ಜೆ ಕಲಂ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ತಿನಿಸು ಕೊಡುವುದು, ಗದ್ದಲ ಮಾಡಿ ತೊಂದರೆ ಕೊಡುವುದು ಎಲ್ಲವನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಆ ಪ್ರಾಣಿಗೆ ಎದ್ದು ಬೇರೆ ಕಡೆ ಹೋಗುವ ದಾರಿ ಇಲ್ಲ. ದಿನಕ್ಕೆ ಸಾವಿರ ಜನ ಸಿಳ್ಳೆ ಹಾಕಿದರೆ ಅದು ಎಲ್ಲವನ್ನೂ ಕೇಳಲೇಬೇಕು. ಸಿಳ್ಳೆಗೆ ತಿರುಗಿದ ಸಿಂಹದ ಮುಖದಲ್ಲಿ ಬರುವುದು ಗಾಬರಿ, ಕಿವಿ ಹಿಂದಕ್ಕೆ ಹೋಗಿರುತ್ತವೆ, ನೋಡಬಲ್ಲವರಿಗೆ ಅದು ಕಾಣುತ್ತದೆ. ಬದಲಿಗೆ ಅಲ್ಲಿನ ಪ್ರಾಣಿಪಾಲಕರನ್ನು ಗೌರವದಿಂದ ಮಾತಾಡಿಸಿ. ಯಾವ ಹೊತ್ತಿಗೆ ಊಟ, ಯಾವ ಹೊತ್ತಿಗೆ ಪ್ರಾಣಿ ಹೊರಗೆ ಬರುತ್ತದೆ ಅಂತ ಅವರಿಗಿಂತ ಚಲೋ ಬಲ್ಲವರಿಲ್ಲ. ಅವರ ಹೆಜ್ಜೆ ಸಪ್ಪಳ ಕೇಳಿದರೆ ಪ್ರಾಣಿ ತಾನೇ ತಲೆ ಎತ್ತುತ್ತದೆ. ಆಗ ನಿಮ್ಮ ಕ್ಯಾಮೆರಾ ಅದರ ಕಣ್ಣಿನ ಎತ್ತರದಲ್ಲಿರಲಿ, ಮೊಣಕಾಲೂರಿ ಕೂತರೆ ಹಿನ್ನೆಲೆಯ ಸಿಮೆಂಟ್ ಗೋಡೆಯೂ ಕಡಿಮೆ ಕಾಣುತ್ತದೆ.

ಪ್ರಶ್ನೆ (ಬೀದರ, ನಿವೃತ್ತ ಮಾಸ್ತರರು):
ನಮ್ಮ ಬೀದರ ಸುತ್ತಿನ ಹೊಲಗಳಲ್ಲಿ ಕೃಷ್ಣಮೃಗ ಇವೆ. ಕಾರಿನಲ್ಲೇ ಕುಳಿತು ತೆಗೆಯುತ್ತೇನೆ. ಝೂದಲ್ಲಿ ಚೆನ್ನಾಗಿ ಬರುವ ಅದೇ ಲೆನ್ಸ್, ಕನ್ವರ್ಟರ್ ಇಲ್ಲಿ ಕೈಕೊಡುತ್ತವೆ, ಮುಂಜಾನೆ ಏಳಕ್ಕೂ. ಗಂಡು ಜಿಂಕೆಯ ಬೆನ್ನಂತೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಾರಣವೇನು?

ಉತ್ತರ:
ಸರ್, ಕಾರಿನೊಳಗೆ ಎಸಿ ಹಾಕಿದ್ದೀರಾ? ಒಳಗಿನ ತಂಪು ಗಾಳಿ ಕಿಟಕಿಯಿಂದ ಹೊರಗಿನ ಗಾಳಿಗೆ ಕೂಡುವ ಜಾಗ ನಿಮ್ಮ ಲೆನ್ಸಿನ ಮುಂದೆಯೇ ಇದೆ. ಅಷ್ಟು ಹತ್ತಿರದ ಕದಡೇ ಕನ್ವರ್ಟರ್ ಹಾಕಿದ ಉದ್ದ ಲೆನ್ಸಿನ ಫೋಟೋ ಕೆಡಿಸಲು ಸಾಕು. ಚಳಿಗಾಲದಲ್ಲಿ ಹೀಟರ್ ಹಾಕಿದರೂ ಇದೇ ಗತಿ. ಸ್ಥಳ ಮುಟ್ಟುವ ಸ್ವಲ್ಪ ಮುಂಚೆಯೇ ಕಿಟಕಿಗಳನ್ನೆಲ್ಲ ಇಳಿಸಿ, ನಿಂತ ಕೂಡಲೇ ಎಂಜಿನ್ ಬಂದ್ ಮಾಡಿ. ಬಾನೆಟ್ ಮೇಲಿಂದ ಹಾಯಿಸಿ ತೆಗೆಯಬೇಡಿ, ಅದರ ಕಾವು ಬೇಗ ಇಳಿಯುವುದಿಲ್ಲ. ಕಿಟಕಿಯ ಅಂಚಿಗೆ ತೊಗರಿ ತುಂಬಿದ ಬಟ್ಟೆ ಚೀಲ ಹಾಕಿ ಲೆನ್ಸ್ ಅದರ ಮೇಲೆ ಕೂಡಿಸಿ. ತೊಗರಿಗೆ ನಮ್ಮ ಕಡೆ ಏನು ಬರ? ಪೂರ್ತಿ ತುಂಬಬೇಡಿ, ಮುಕ್ಕಾಲು ಇದ್ದರೆ ಲೆನ್ಸ್ ಹಿಡಿದು ಕೂರುತ್ತದೆ.

ಬೂದಿ ಬಣ್ಣ ಮೀಟರಿಂಗ್‌ನದು, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿಯದು. ಚೌಕಟ್ಟಿನ ತುಂಬ ಕಪ್ಪು ಬೆನ್ನು ಬಂದರೆ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಹೆಚ್ಚು ತೆರೆಯುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್‌ನಲ್ಲಿ ಮೈನಸ್ 0.7 ಇಟ್ಟುಕೊಳ್ಳಿ. ಝೂದ ಕರಡಿಗೂ ಇದೇ ಮದ್ದು. ಬಿಳಿ ನವಿಲು, ಬಿಳಿ ಹುಲಿಗೆ ಪ್ಲಸ್ ಕಡೆಗೆ ಹೋಗಿ.

ಕಾರು ಬಿಟ್ಟು ಇಳಿಯಬೇಡಿ ಸರ್. ಕಾರಿಗೆ ಅವು ಹೊಂದಿಕೊಂಡಿರುತ್ತವೆ, ಇಳಿದ ಮನುಷ್ಯನನ್ನು ಕಂಡರೆ ಓಡುತ್ತವೆ. ಬೆಳೆಯ ನಡುವೆ ಓಡಿದರೆ ಹೊಲದವರಿಗೂ ನಷ್ಟ, ಆಮೇಲೆ ಜಿಂಕೆಯ ಮೇಲೂ ಅವರಿಗೆ ಸಿಟ್ಟು.

ಪ್ರಶ್ನೆ (ಸೇಡಂ):
ಧೂಳಿನಾಗ ಕನ್ವರ್ಟರ್ ಹಾಕೂದು ತೆಗಿಯೂದು ಹ್ಯಾಂಗ್ರಿ?

ಉತ್ತರ:
ಮನೆಯಲ್ಲೇ ಹಾಕಿಕೊಂಡು ಹೋಗಿ, ಮನೆಗೆ ಬಂದು ತೆಗೆಯಿರಿ. ಕನ್ವರ್ಟರಿಗೆ ಎರಡು ಬದಿ ಗಾಜು, ಎರಡು ಬದಿ ಕಾಂಟ್ಯಾಕ್ಟ್. ಒಂದು ಜೋಡಣೆ ಇದ್ದಲ್ಲಿ ಎರಡಾಗುತ್ತವೆ, ಧೂಳಿಗೆ ಎರಡು ಬಾಗಿಲು. ಹೊರಗೆ ಬದಲಿಸಲೇಬೇಕಾದರೆ ಕ್ಯಾಮೆರಾ ಬಂದ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಿ. ಫೋಕಸ್ ನಡುನಡುವೆ ನಿಂತುಹೋದರೆ ಮೊದಲು ಆ ಹಿತ್ತಾಳೆ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ನೋಡಿ, ರಿಪೇರಿಗೆ ಒಯ್ಯುವುದು ಆಮೇಲೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಗಾಜಿಗೆ ಅಂಟಿದರೆ ಧೂಳಿಗಿಂತ ಕಷ್ಟ. ಕೈಯಿಂದ ಒತ್ತುವ ರಬ್ಬರ್ ಬ್ಲೋವರ್ ಇಟ್ಟುಕೊಳ್ಳಿ.