ಹಾಸನದಲ್ಲಿ ಖಾಸಗಿ ಮಾಂಟೆಸ್ಸರಿಗೆ ಇಷ್ಟು ಫೀಸ್ ಕಟ್ಟಬಹುದಾ?

ವಿದ್ಯಾನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿದ್ದು 2023ರ ಆಗಸ್ಟ್‌ನಲ್ಲಿ. 2026ರ ಜೂನ್‌ಗೆ ಸೇರಿಸುವ ಯೋಚನೆ. ಊರಾಚೆ ಇರುವ ಒಂದು ಮಾಂಟೆಸ್ಸರಿಯಲ್ಲಿ ವರ್ಷಕ್ಕೆ ಬೋಧನಾ ಶುಲ್ಕ 62,000, ಮೆಟೀರಿಯಲ್ ಫೀಸ್ 6,000, ವ್ಯಾನ್ ತಿಂಗಳಿಗೆ 1,400ರಂತೆ ಹತ್ತು ತಿಂಗಳು, ಸೇರುವಾಗ ಒಂದೇ ಸಲ 15,000 ಹೇಳಿದ್ದಾರೆ. ಬೋಧನಾ ಶುಲ್ಕ ವರ್ಷಕ್ಕೆ ಶೇ. 10 ಏರುತ್ತೆ ಅಂತಲೂ ಮೊದಲೇ ತಿಳಿಸಿದ್ದಾರೆ. ಮನೆ ಹತ್ತಿರದ ಮಾಮೂಲಿ ನರ್ಸರಿ-ಎಲ್‌ಕೆಜಿ-ಯುಕೆಜಿ ಶಾಲೆಯಲ್ಲಿ 30,000, ಪುಸ್ತಕ-ಯೂನಿಫಾರಂ 5,000. ಅಲ್ಲೂ ಶೇ. 10 ಏರಿಕೆ. ಆದರೆ ನಡೆದೇ ಹೋಗಬಹುದು.

ಮಾಂಟೆಸ್ಸರಿಯವರ ಹತ್ತಿರ ಒಂದನೇ ಕ್ಲಾಸ್ ಇಲ್ಲ. ಆಮೇಲೆ ಬೇರೆ ಶಾಲೆಗೇ ಹಾಕಬೇಕು. ಹಾಗಿರುವಾಗ ಮೂರು ವರ್ಷಕ್ಕೆ ಇಷ್ಟು ದುಡ್ಡು ಹಾಕಿದರೆ ಮಗುವಿಗೆ ಏನು ಉಳಿಯುತ್ತೆ? ಶಾಲೆ ನೋಡಲು ಹೋದಾಗ ಏನನ್ನು ಗಮನಿಸಬೇಕು? ಕನ್ನಡ ಹಿಂದೆ ಬೀಳುತ್ತಾ? "ಅಲ್ಲಿ ಬರೀ ಆಟ ಆಡಿಸ್ತಾರೆ" ಅಂತ ಮನೆಯಲ್ಲಿ ಹಿರಿಯರಿಗೂ ಅಳುಕಿದೆ.

ಲೆಕ್ಕಪತ್ರ

ಸರ್, ಫೀಸ್‌ಗಿಂತ ಮೊದಲು ವಯಸ್ಸಿನ ಲೆಕ್ಕ ನೋಡಿ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. ಆಗಸ್ಟ್ 2023ರ ಮಗುವಿಗೆ 2029ರ ಜೂನ್ 1ಕ್ಕೆ ಇನ್ನೂ 6 ತುಂಬಿರಲ್ಲ. ಅಂದರೆ ಒಂದನೇ ಕ್ಲಾಸ್ 2030ಕ್ಕೆ. 2026ಕ್ಕೇ ಸೇರಿಸಿದರೆ ನೀವು ಕಟ್ಟುವುದು ಮೂರು ವರ್ಷದ ಫೀಸ್ ಅಲ್ಲ, ನಾಲ್ಕು ವರ್ಷದ್ದು. 2025-26ರ ಪ್ರವೇಶಕ್ಕೆ 5 ವರ್ಷ 5 ತಿಂಗಳಿಗೆ ಸಡಿಲ ಕೊಟ್ಟಿದ್ದರು ನಿಜ, ಆದರೆ ನಾಲ್ಕು ವರ್ಷ ಮುಂದಿನ ಹಣವನ್ನು ಅಂಥ ಸಡಿಲಿಕೆ ನಂಬಿ ಹೊಂದಿಸಬೇಡಿ.

ನಿಮ್ಮ ಅಂಕಿಗಳಲ್ಲೇ ಕೂಡಿದರೆ: ಬೋಧನಾ ಶುಲ್ಕ 62,000 + 68,200 + 75,020 + 82,522, ಒಟ್ಟು 2,87,742. ಮೆಟೀರಿಯಲ್ 24,000, ವ್ಯಾನ್ 56,000, ಪ್ರವೇಶದ್ದು 15,000 ಸೇರಿ 3,82,742. ಹತ್ತಿರದ ಶಾಲೆಗೆ ಅದೇ ನಾಲ್ಕು ವರ್ಷಕ್ಕೆ 1,59,230. ವ್ಯತ್ಯಾಸ 2,23,512, ತಿಂಗಳಿಗೆ ಹತ್ತಿರ ಹತ್ತಿರ 4,650. ನೀವು ತೀರ್ಮಾನ ಮಾಡಬೇಕಿರುವುದು ಈ 4,650ರ ಬಗ್ಗೆ. 2027ರ ಜೂನ್‌ಗೆ ಸೇರಿಸಿದರೆ ಏರಿದ ಫೀಸ್‌ನಲ್ಲೂ ಮಾಂಟೆಸ್ಸರಿ ಖರ್ಚು 3,00,742ಕ್ಕೆ ನಿಲ್ಲುತ್ತೆ.

ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸಲು ಹೇಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ನರ್ಸರಿಯ ಬೋಧನಾ ಶುಲ್ಕಕ್ಕೂ 1.5 ಲಕ್ಷದ ಒಟ್ಟು ಮಿತಿಯೊಳಗೆ ಕಡಿತ ಸಿಗುತ್ತೆ. ವ್ಯಾನ್, ಡೊನೇಶನ್, ಅಭಿವೃದ್ಧಿ ಶುಲ್ಕ ಅದರಲ್ಲಿ ಬರಲ್ಲ. ಹೊಸ ಪದ್ಧತಿಯಲ್ಲಿ ಏನೂ ಇಲ್ಲ. ಆ 15,000 ಮಧ್ಯದಲ್ಲಿ ಬಿಟ್ಟರೆ ವಾಪಸ್ ಬರುತ್ತಾ ಅನ್ನುವುದನ್ನೂ ಬರಹದಲ್ಲೇ ಪಡೆಯಿರಿ.

ಗುಲಾಬಿ ಗೋಪುರ

ಮಾಂಟೆಸ್ಸರಿ ತರಬೇತಿಯ ಕೆಲಸದಲ್ಲಿ ಇರುವವಳು, ಆ ಕಡೆಯಿಂದ ಉತ್ತರಿಸುತ್ತೇನೆ.

ಈ ಹೆಸರು ಯಾರ ಸ್ವತ್ತೂ ಅಲ್ಲ. ಯಾವ ನರ್ಸರಿ ಬೇಕಾದರೂ ಬೋರ್ಡಿನ ಮೇಲೆ ಬರೆಸಿಕೊಳ್ಳಬಹುದು. 2024ರಲ್ಲಿ ಸರ್ಕಾರವೇ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ-ಯುಕೆಜಿ ಶುರು ಮಾಡಿ "ಸರ್ಕಾರಿ ಮಾಂಟೆಸ್ಸರಿ" ಎಂದು ಕರೆಯಿತು. ಹಾಗಾಗಿ ಬೋರ್ಡ್ ನೋಡಿ ಏನೂ ತಿಳಿಯುವುದಿಲ್ಲ, ಕೋಣೆಯೊಳಗೆ ಕೂತು ನೋಡಬೇಕು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ನಡುವೆ ಮುಕ್ಕಾಲು ಗಂಟೆ ಮೂಲೆಯಲ್ಲಿ ಸುಮ್ಮನೆ ಕೂರಲು ಅನುಮತಿ ಕೇಳಿ. ಆಫೀಸಿನಲ್ಲಿ ಕೂರಿಸಿ ಆಲ್ಬಂ ಮಾತ್ರ ತೋರಿಸುವ ಶಾಲೆಗೆ 62,000 ಕೊಡುವ ಅಗತ್ಯವಿಲ್ಲ.

ಕೋಣೆಯಲ್ಲಿ ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಟ್ಟಿಗೇ ಇರಬೇಕು. ಮಾಂಟ್ 1, ಮಾಂಟ್ 2, ಮಾಂಟ್ 3 ಎಂದು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದರೆ ಅದು ಹೆಸರು ಬದಲಾದ ನರ್ಸರಿ, ಎಲ್‌ಕೆಜಿ, ಯುಕೆಜಿ. ಸಣ್ಣವರು ದೊಡ್ಡವರ ಕೆಲಸ ನೋಡಿ ಕಲಿಯುವುದು, ದೊಡ್ಡವರು ಹೇಳಿಕೊಟ್ಟು ಗಟ್ಟಿಯಾಗುವುದು ಎರಡೂ ಅಲ್ಲಿಗೆ ನಿಂತುಹೋಗುತ್ತದೆ. ಆಮೇಲೆ ವೇಳಾಪಟ್ಟಿ ಕೇಳಿ. ಕನಿಷ್ಠ ಎರಡೂವರೆ-ಮೂರು ಗಂಟೆ ಬೆಲ್ ಇಲ್ಲದೆ ಕೆಲಸ ನಡೆಯಬೇಕು. ಹತ್ತು ಗಂಟೆಯ ಹೊತ್ತಿಗೆ ಕೋಣೆಯಲ್ಲಿ ಒಂದು ಗಲಿಬಿಲಿ ಬರುತ್ತದೆ, ಮಕ್ಕಳು ಎದ್ದು ಓಡಾಡುತ್ತಾರೆ, ಮಾತು ಜೋರಾಗುತ್ತದೆ. ಇದು ಸುಸ್ತಲ್ಲ ಎಂದು ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ಗುರುತಿಸಿದ್ದರು. ಹಾಗೇ ಬಿಟ್ಟರೆ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಆ ದಿನದ ಅತಿ ಕಷ್ಟದ ಕೆಲಸ ಕೈಗೆತ್ತಿಕೊಂಡು ಕೂರುತ್ತಾರೆ. ಎಷ್ಟೋ ಕಡೆ ಸರಿಯಾಗಿ ಆಗಲೇ ತಿಂಡಿ ಬೆಲ್ ಹೊಡೆದು, ಮುಂದೆ ರೈಮ್ಸ್, ಡ್ಯಾನ್ಸ್, ವರ್ಕ್‌ಶೀಟ್ ಎಂದು ಕತ್ತರಿಸುತ್ತಾರೆ. ಫೀಸ್ ಕೊಟ್ಟು ಕೊಂಡದ್ದು ಅಲ್ಲೇ ಸೋರಿಹೋಗುತ್ತದೆ.

ಸಾಮಗ್ರಿ ನೋಡುವಾಗ ಗುಲಾಬಿ ಗೋಪುರದ, ಅಂದರೆ ಒಂದರ ಮೇಲೊಂದು ಪೇರಿಸುವ ಗುಲಾಬಿ ಬಣ್ಣದ ಮರದ ಹತ್ತು ಘನಗಳನ್ನು ಎಣಿಸಿ. 10 ಸೆಂ.ಮೀ.ನಿಂದ 1 ಸೆಂ.ಮೀ.ವರೆಗೆ ಇರುತ್ತವೆ. ಮೊದಲು ಕಳೆಯುವುದು ಆ 1 ಸೆಂ.ಮೀ.ನದು. ಅದು ಇದ್ದರೆ ಪ್ರತಿ ಸಂಜೆ ಯಾರೋ ಎಣಿಸಿ ಜೋಡಿಸುತ್ತಾರೆ ಎಂದರ್ಥ. ಒಂದು ಕೋಣೆಗೆ ಒಂದೇ ಸೆಟ್ ಇರುವುದು ಕೊರತೆಯಲ್ಲ, ಬೇಕೆಂದೇ ಹಾಗೆ: ಇನ್ನೊಬ್ಬರು ಮುಗಿಸುವ ತನಕ ಕಾಯಬೇಕು. ಕಪಾಟಿನ ಮೇಲೆ ದೂಳು ಕೂತಿದ್ದರೆ ಸಾಮಾನು ಬಳಕೆಯಲ್ಲಿಲ್ಲ. ಜಗ್, ಬಟ್ಟಲು ಗಾಜಿನವೋ ಪಿಂಗಾಣಿಯವೋ ಇರಲಿ. ಪ್ಲಾಸ್ಟಿಕ್ ಬಿದ್ದರೂ ಒಡೆಯುವುದಿಲ್ಲ, ಮಗು ಜೋಪಾನ ಕಲಿಯುವುದಿಲ್ಲ.

ಅಡಲ್ಟ್ ಅಂದರೆ ಶಿಕ್ಷಕಿಯ ತರಬೇತಿ ಕೇಳಲು ಸಂಕೋಚ ಬೇಡ. ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್‌ನಂಥ ಕಡೆ ಎದುರು ಕೂತು, ಸಾಮಗ್ರಿ ಮುಟ್ಟಿ ಕಲಿತವರಿಗೂ ಕೆಲವೇ ವಾರದ ಆನ್‌ಲೈನ್ ಪ್ರಮಾಣಪತ್ರದವರಿಗೂ ಕೈಯ ಹದವೇ ಬೇರೆ. 25-30 ಮಕ್ಕಳಿಗೆ ತರಬೇತಾದ ಒಬ್ಬರು, ಸಹಾಯಕ್ಕೆ ಇನ್ನೊಬ್ಬರು ಇದ್ದರೆ ಕೋಣೆ ನಡೆಯುತ್ತದೆ. ಅವರು ಎಷ್ಟು ವರ್ಷದಿಂದ ಅದೇ ಕೋಣೆಯಲ್ಲಿದ್ದಾರೆ ಎಂಬುದೂ ಮುಖ್ಯ. ವರ್ಷಕ್ಕೊಬ್ಬರು ಬದಲಾದರೆ ಯಾವ ಮಗು ಎಲ್ಲಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

"ಬರೀ ಆಟ" ಎಂಬ ಅಳುಕಿಗೆ: ಸಿಲಿಂಡರ್ ಬ್ಲಾಕ್ ಅಂದರೆ ಬೇರೆ ಬೇರೆ ಅಳತೆಯ ಕುಳಿಗಳಿರುವ ಮರದ ದಿಮ್ಮಿ. ಅದರ ಹತ್ತು ಗುಂಡುಗಳು (ಸಿಲಿಂಡರ್‌ಗಳು) ತಮ್ಮ ತಮ್ಮ ಕುಳಿಯಲ್ಲಿ ಕೂತರೆ ಮಾತ್ರ ಕೆಲಸ ಮುಗಿಯುತ್ತದೆ. ತಪ್ಪಿದರೆ ಕೊನೆಗೆ ಒಂದು ಗುಂಡು ಉಳಿಯುತ್ತದೆ, ಟೀಚರ್ ಹೇಳಬೇಕಾಗಿಲ್ಲ. ಗುಂಡಿನ ತಲೆಯ ಗುಬುಟು ಹಿಡಿಯುವ ಮೂರು ಬೆರಳೇ ನಾಳೆ ಪೆನ್ಸಿಲ್ ಹಿಡಿಯುವುದು. ಇನ್ನು ಗಣಿತ. ಬಂಗಾರದ ಮಣಿಗಳಲ್ಲಿ ಬಿಡಿ ಮಣಿ ಒಂದು, ಕಡ್ಡಿ ಹತ್ತು, ಚೌಕ ನೂರು, ಘನ ಸಾವಿರ. ಕೂಡುವಾಗ ಬಿಡಿ ಮಣಿ ಹತ್ತಾದರೆ ಮಣಿಗಳನ್ನೆಲ್ಲ ಇಟ್ಟಿರುವ "ಬ್ಯಾಂಕಿ"ಗೆ ಹೋಗಿ ಒಂದು ಕಡ್ಡಿಗೆ ಬದಲಾಯಿಸಿಕೊಂಡು ಬರುತ್ತಾರೆ. "ದಶಕ ಒಂದು ಕೈಯಲ್ಲಿ" ಎಂದು ಬಾಯಿಪಾಠ ಮಾಡಿದ ಮಗುವಿಗೂ ಸಾವಿರದ ಘನವನ್ನು ಎರಡು ಕೈಯಲ್ಲಿ ಎತ್ತಿ ತಂದ ಮಗುವಿಗೂ ವ್ಯತ್ಯಾಸ ಎರಡನೇ ಕ್ಲಾಸಿನಲ್ಲಿ ಗೊತ್ತಾಗುತ್ತದೆ.

ಆದರೆ ಇದೆಲ್ಲ ಕೂಡಿಬರುವುದು ಕೊನೆಯ ವರ್ಷದಲ್ಲಿ. ಸುರಿಯುವುದು, ಗುಂಡಿ ಹಾಕುವುದು, ಗೋಪುರ ಕಟ್ಟುವುದು ಎಲ್ಲ ಆ ವರ್ಷಕ್ಕೆ ಪೂರ್ವತಯಾರಿ. ದೊಡ್ಡ ಶಾಲೆಯಲ್ಲಿ ಎಲ್‌ಕೆಜಿಗೇ ಸೀಟ್ ಹಿಡಿಯಬೇಕೆಂದು ನಡುವೆ ಬಿಡಿಸಿಕೊಂಡು ಹೋಗುವುದೇ ನಮ್ಮ ಊರುಗಳಲ್ಲಿ ಆಗುವ ದೊಡ್ಡ ನಷ್ಟ. ಒಂದನೇ ಕ್ಲಾಸಿನ ತನಕ ಬಿಡಿಸುವುದಿಲ್ಲ ಎಂಬ ಗಟ್ಟಿ ಮನಸ್ಸಿದ್ದರೆ ಸೇರಿಸಿ. ಇಲ್ಲದಿದ್ದರೆ ಮೊದಲೇ ಹತ್ತಿರದ ಶಾಲೆಗೆ ಹಾಕಿ, ಹಣ ಉಳಿಸಿ. ವರ್ಜೀನಿಯಾ ವಿಶ್ವವಿದ್ಯಾಲಯದ ಏಂಜಲೀನ್ ಲಿಲ್ಲಾರ್ಡ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಪ್ಪಟ ಮಾಂಟೆಸ್ಸರಿ ಕೋಣೆಯ ಮಕ್ಕಳ ಪ್ರಗತಿ, ವರ್ಕ್‌ಶೀಟ್ ಮತ್ತು ಬೇರೆ ಆಟಿಕೆ ಬೆರೆಸಿದ ಕೋಣೆಗಳಿಗಿಂತ ಹೆಚ್ಚಿತ್ತು.

ವಯಸ್ಸಿನ ವಿಚಾರದಲ್ಲಿ ಲೆಕ್ಕಪತ್ರ ಸರ್ ಮಾತು ಸರಿ. ಆದರೆ 2027ರ ಜೂನ್‌ವರೆಗೆ ಕಾದರೆ ಮಗುವಿಗೆ ನಾಲ್ಕು ಹತ್ತಿರವಾಗುತ್ತದೆ, ಶುರು ಮಾಡಲು ಅದು ತಡ. ನಿಜವಾದ ಮಾಂಟೆಸ್ಸರಿಯಲ್ಲಿ ಎಲ್ಲರಿಗೂ ಒಂದೇ ದಿನ ಶುರುವಾಗುವ ಪಾಠವಿಲ್ಲ, ಹಾಗಾಗಿ ವರ್ಷದ ಮಧ್ಯೆ ಸೇರಿಸಿಕೊಳ್ಳಲು ತೊಡಕಿಲ್ಲ. 2027ರ ಜನವರಿಗೆ, ಮೂರು ತಿಂಗಳ ಫೀಸ್ ಮಾತ್ರ ತೆಗೆದುಕೊಂಡು ಸೇರಿಸುತ್ತೀರಾ ಎಂದು ಕೇಳಿ ನೋಡಿ.

ಮಲ್ಲಂದೂರು ರಸ್ತೆ

ಚಿಕ್ಕಮಗಳೂರು ಕಡೆಯಿಂದ ಎರಡು ಮಾತು ಸೇರಿಸ್ತೀನಿ, ಸಕಲೇಶಪುರ ಕಡೆಯವರಿಗೂ ಅನ್ವಯ. ಮಳೆಗಾಲದ ಥಂಡಿಗೆ ಮರದ ಸಾಮಾನು ಉಬ್ಬುತ್ತೆ. ಸಿಲಿಂಡರ್ ಕುಳಿಯಲ್ಲಿ ಸರಾಗವಾಗಿ ಇಳಿಯದೆ ಸಿಕ್ಕಿಕೊಂಡರೆ ಸರಿಯಾದ ಗುಂಡೂ ತಪ್ಪು ಅನ್ನಿಸಿ ಮಗು ಕೈಬಿಡುತ್ತೆ. ಅಗ್ಗದ ಮರದಲ್ಲಿ ಇದು ಬೇಗ ಆಗುತ್ತೆ. ಬೆರಳಾಡಿಸಿ ಕಲಿಯುವ ಸ್ಯಾಂಡ್‌ಪೇಪರ್ ಅಕ್ಷರಗಳಿಗೆ ಬೂಷ್ಟು ಹಿಡಿದು ಅಂಟು ಬಿಡುತ್ತೆ. ಅದಕ್ಕೇ ಶಾಲೆಯನ್ನು ಜುಲೈ-ಆಗಸ್ಟ್‌ನಲ್ಲಿ ನೋಡಿ ಮೇಡಂ-ಸರ್, ಫೆಬ್ರವರಿ ಬಿಸಿಲಿನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತೆ. ಒಂದು ಸಿಲಿಂಡರ್ ನೀವೇ ಇಳಿಸಿ ನೋಡಿ.

ಮಳೆ ರಜೆ ಸಾಲಾಗಿ ಬಂದರೆ ಸಣ್ಣ ಮಕ್ಕಳು ಶಾಲೆಗೆ ಹೊಂದಿಕೊಳ್ಳುವುದು ಮತ್ತೆ ಮೊದಲಿಂದ. ಜೂನ್ ಮಧ್ಯದಲ್ಲಿ ಸೇರಿ ಜುಲೈ ರಜೆಗೆ ಸಿಕ್ಕಿಕೊಂಡ ಮಗು ಆಗಸ್ಟ್‌ನಲ್ಲೂ ಅಳುತ್ತಿರುತ್ತೆ. ಮೇಲೆ ಹೇಳಿದ ಜನವರಿ ಸೇರ್ಪಡೆ ಈ ಕಾರಣಕ್ಕೂ ಒಳ್ಳೇದು. ಕಾಫಿ ದುಡ್ಡಿನ ಮೇಲೆ ನಿಂತವರು ಜೂನ್‌ನಲ್ಲಿ ಪೂರ್ತಿ ಕಟ್ಟುವ ಬದಲು ದೊಡ್ಡ ಕಂತನ್ನು ಕೊಯ್ಲು ಮುಗಿದ ಮೇಲೆ, ಮಾರ್ಚ್‌ಗೆ ಇಟ್ಟುಕೊಳ್ಳಲು ಮಾತಾಡಬಹುದು.

ನಲಿಕಲಿ ಮೇಷ್ಟ್ರು

ಕನ್ನಡದ ಪ್ರಶ್ನೆಗೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಒಂದನೇ ಕ್ಲಾಸಿನಿಂದ, ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡ ಇರಲೇಬೇಕು. ಆದ್ದರಿಂದ ಮಾಂಟೆಸ್ಸರಿಯಲ್ಲಿ ಕನ್ನಡ ಎಲ್ಲಿಯವರೆಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಿ. 49 ಅಕ್ಷರದ ಸ್ಯಾಂಡ್‌ಪೇಪರ್ ಹಲಗೆ ತೋರಿಸುತ್ತಾರೆ, ಸರಿ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ, ಮಗು ಬೇಗ "ಮರ", "ದನ", "ಗರಗಸ" ಓದುತ್ತದೆ. ಬಹಳ ಕಡೆ ಅಲ್ಲಿಗೇ ನಿಲ್ಲುತ್ತದೆ. ಏಕೆಂದರೆ ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವ ಅಕ್ಷರದ ಪೆಟ್ಟಿಗೆಯ ಕ್ರಮ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಇಡುವ ಲಿಪಿಗೆ ಮಾಡಿದ್ದು. ನಮ್ಮಲ್ಲಿ ಕೊಂಬು, ಗುಡಿಸು ಅಕ್ಷರಕ್ಕೇ ಅಂಟುತ್ತವೆ, ಒತ್ತು ಕೆಳಗೆ ಕೂರುತ್ತದೆ. ಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ತುಂಡುಗಳನ್ನು ಮಾಡಿಸಿಟ್ಟಿದ್ದಾರಾ? ಐದು ವರ್ಷದ ಮಗು "ಬೀಗ", "ಕಾಗೆ", "ಅಕ್ಕಿ" ಕಟ್ಟುತ್ತದಾ? ಇಷ್ಟು ಕೇಳಿದರೆ ಸಾಕು.

ಒಂದನೇ ಕ್ಲಾಸಿನಲ್ಲಿ ತೊಡಕಾಗುವುದು ಬೋರ್ಡ್ ನೋಡಿ ಬರೆಯುವುದು, ನಾಲ್ಕು ಗೆರೆ ಪುಸ್ತಕ, ಬೆಲ್ ಹೊಡೆದಾಗ ಅರ್ಧಕ್ಕೆ ಮುಚ್ಚುವುದು. ಸೇರುವ ಮುಂಚಿನ ಎರಡು ತಿಂಗಳು ದಿನಕ್ಕೆ ಹತ್ತು ನಿಮಿಷ, ಗೋಡೆಗೆ ಅಂಟಿಸಿದ ಐದು ಪದ ನೋಡಿ ಬರೆಸಿದರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತಾರೆ. ಇನ್ನೊಂದು ದಾರಿಯನ್ನೂ ಯೋಚಿಸಿ: ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಮೊದಲ ತರಗತಿಗಳ ಮಕ್ಕಳು ಒಟ್ಟಿಗೇ ಕೂತು, ಕಾರ್ಡ್ ಹಿಡಿದು ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಕ್ರಮ ಇದು. ಮಾಂಟೆಸ್ಸರಿ ಬೇರೆ, ಇದು ಬೇರೆ. ಆದರೂ ಮಾಂಟೆಸ್ಸರಿಯಿಂದ ಬಂದ ಮಗುವಿಗೆ ಬೆಲ್ಲು-ಡಿಕ್ಟೇಶನ್ ಶಾಲೆಗಿಂತ ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆ ಹತ್ತಿರದ್ದು. ಫೀಸ್ ಉಳಿಯುವುದು ಬೇರೆ.

ಒಂದನೇ ಕ್ಲಾಸಿಗೆ ಸೇರಿಸುವಾಗ ಮಗುವಿಗಾಗಲಿ ನಿಮಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಮೊದಲ ಸಲಕ್ಕೆ ದಂಡ 25,000 ರೂಪಾಯಿವರೆಗೆ. "ಮಾಂಟೆಸ್ಸರಿ ಮಕ್ಕಳು ಟೆಸ್ಟ್ ಪಾಸಾಗಲ್ಲ" ಎಂಬ ಮಾತಿಗೆ ಹೆದರಬೇಡಿ.

ವಿದ್ಯಾನಗರದ ಅಪ್ಪ

ಎಲ್ಲರಿಗೂ ಧನ್ಯವಾದ. ನಾಲ್ಕು ವರ್ಷದ ವಿಷಯ ಶಾಲೆಯವರೂ ಹೇಳಿರಲಿಲ್ಲ. ಜನವರಿಗೆ ಕೇಳ್ತೀನಿ. ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಿಸಬಹುದು ಮೇಡಂ? ಸಾಮಗ್ರಿ ಕೊಳ್ಳಬೇಕಾ?

ಗುಲಾಬಿ ಗೋಪುರ

ಏನೂ ಕೊಳ್ಳಬೇಡಿ ಸರ್. ಗೋಪುರ ಮನೆಯಲ್ಲಿ ಆಟಿಕೆಯಾದರೆ ಶಾಲೆಯಲ್ಲಿ ಅದರ ಮೇಲಿನ ಆಸಕ್ತಿ ಹೋಗುತ್ತದೆ. ಅಂಚಿರುವ ಒಂದು ತಟ್ಟೆ, ಎರಡು ಸಣ್ಣ ಲೋಟ, ಒಂದರಲ್ಲಿ ಅರ್ಧ ಲೋಟ ರಾಗಿ. ಮಾತಾಡದೆ, ನಿಧಾನವಾಗಿ ಒಂದು ಸಲ ಸುರಿದು ತೋರಿಸಿ, ಆಮೇಲೆ ಕೈ ಹಾಕಬೇಡಿ. ಚೆಲ್ಲಿದ್ದು ಆಯಲು ಪುಟ್ಟ ಬಟ್ಟಲು ಪಕ್ಕದಲ್ಲೇ ಇರಲಿ. ವಾರ ಕಳೆದ ಮೇಲೆ ರಾಗಿ ತೆಗೆದು ನೀರು, ಒರೆಸಲು ಒಂದು ಬಟ್ಟೆ. ಕಾಳು ಮೂಗು-ಕಿವಿಗೆ ಹೋಗುವ ವಯಸ್ಸು, ಎದುರಿಗೇ ಕೂತಿರಿ. ಡಿಸೆಂಬರ್‌ನಲ್ಲಿ ಅವರೆಕಾಯಿ ಬಂದಾಗ ಸುಲಿಯಲು ಒಂದು ಹಿಡಿ ಕೊಡಿ, ನೆನೆಸಿದ ಕಾಳು ಹಿತುಕಲು ಕೊಡಿ. ಸಿಲಿಂಡರಿನ ಗುಬುಟು ಹಿಡಿಯುವ ಮೂರು ಬೆರಳಿನ ಕೆಲಸವೇ ಅದು. ಚಪ್ಪಲಿ ತಾನೇ ಹಾಕಿಕೊಳ್ಳಲಿ, ಹತ್ತು ನಿಮಿಷ ಹೆಚ್ಚು ಹಿಡಿದರೂ.